ಹರೆಯದ ಮಕ್ಕಳ ಊಟದಲ್ಲಿ ಜೀವಸತ್ವಗಳು: ಮನೆಯ ಸ್ಥಿತಿಗತಿಯ ಪಾತ್ರ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಆದರೆ ಹದಿನಾಲ್ಕು ಹದಿನೈದು ವರ್ಷದ ಹುಡುಗನಾಗಲಿ ಹುಡುಗಿಯಾಗಲಿ ತನ್ನ ಊಟವನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಆ ತಟ್ಟೆಗೆ ಬೀಳುವುದನ್ನು ನಿರ್ಧರಿಸುವುದು ತಂದೆಯ ಸಂಪಾದನೆ, ತಾಯಿ ಕೆಲಸಕ್ಕೆ ಹೊರಡುವ ಹೊತ್ತು, ಖೋಲಿಯಲ್ಲಿ ಒಲೆಗೆ ದೊರೆತ ಜಾಗ, ಮನೆತನದ ಆಚಾರ, ಕೆಲವೊಮ್ಮೆ ನೆರೆಯವರ ಎದುರು ಕಾಯ್ದುಕೊಳ್ಳಬೇಕಾದ ಮರ್ಯಾದೆ. ಮಹಾನಗರಕ್ಕೆ ಬಂದು ನೆಲಸಿದ ಕುಟುಂಬಗಳಲ್ಲಂತೂ ಇವೆಲ್ಲವೂ ಒಂದೇ ತಲೆಮಾರಿನಲ್ಲಿ ಬದಲಾಗಿಬಿಡುತ್ತವೆ.

ಜೀವಸತ್ವಗಳ ಕೊರತೆಯೆಂದರೆ ಬಡತನದ ಮತ್ತೊಂದು ಹೆಸರು ಎಂದು ತಿಳಿದವರೇ ಹೆಚ್ಚು. ಅದು ಅರ್ಧ ಸತ್ಯ ಮಾತ್ರ. ಬಡವರ ಮನೆಯ ಕೊರತೆ ಒಂದು ಬಗೆಯದಾದರೆ ಅನುಕೂಲಸ್ಥರ ಮನೆಯದು ಇನ್ನೊಂದು ಬಗೆಯದು. ಸಂಬಳ ಏರಿದೊಡನೆ ಮೊದಲನೆಯದು ತಕ್ಕಮಟ್ಟಿಗೆ ಕಡಮೆಯಾಗಬಹುದು; ಎರಡನೆಯದು ಹಲವು ಬಾರಿ ಸಂಬಳದ ಹಿಂದೆಯೇ ಮನೆಯನ್ನು ಪ್ರವೇಶಿಸುತ್ತದೆ.

ಹಳೆಯ ಪಠ್ಯಪುಸ್ತಕಗಳು ‘ಅನ್ನಾಂಗ’ ಎಂದು ಕರೆಯುತ್ತಿದ್ದ ಈ ವಸ್ತುಗಳು ದೇಹಕ್ಕೆ ಬೇಕಾಗುವ ಪ್ರಮಾಣ ಅತ್ಯಲ್ಪ. ‘ಬಿ-12’ ಜೀವಸತ್ವ ದಿನಕ್ಕೆ ಸುಮಾರು 2.2 ಮೈಕ್ರೋಗ್ರಾಂ ಸಾಕು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಸಹ ದೊರೆಯದೆ ಹೋದರೆ ರಕ್ತ, ನರ, ಎಲುಬು ಎಲ್ಲಕ್ಕೂ ಹಾನಿ ತಪ್ಪಿದ್ದಲ್ಲ. ಹುಡುಗಿಯರು ಹತ್ತರಿಂದ ಹದಿಮೂರರ ನಡುವೆ, ಹುಡುಗರು ಅದರಿಂದ ಸುಮಾರು ಎರಡು ವರ್ಷ ತಡವಾಗಿ, ಒಮ್ಮೆಲೆ ಎತ್ತರಕ್ಕೆ ಬೆಳೆಯುತ್ತಾರೆ. ಎಳೆಯ ಪ್ರಾಯದ ನಂತರ ಇಷ್ಟು ವೇಗವಾಗಿ ಬೆಳೆಯುವ ಅವಧಿ ಇನ್ನೊಂದಿಲ್ಲ. ಹೀಗಿದ್ದೂ 2016-18ರ ರಾಷ್ಟ್ರೀಯ ಸಮಗ್ರ ಪೌಷ್ಟಿಕತೆಯ ಸಮೀಕ್ಷೆಯಲ್ಲಿ, 10ರಿಂದ 19 ವರ್ಷದ ಮಕ್ಕಳಲ್ಲಿ ಶೇಕಡಾ 37 ಮಂದಿಗೆ ಫೋಲಿಕ್ ಆಮ್ಲದ, 31 ಮಂದಿಗೆ ‘ಬಿ-12’ರ, 24 ಮಂದಿಗೆ ‘ಡಿ’ಯ, 16 ಮಂದಿಗೆ ‘ಎ’ ಜೀವಸತ್ವದ ಕೊರತೆ ಕಂಡುಬಂದಿತು.

ಈ ಪಟ್ಟಿಯ ಮೊದಲಲ್ಲಿರುವ ಫೋಲಿಕ್ ಆಮ್ಲದ ಕಥೆಗೂ ಮುಂಬಯಿ ನಗರಕ್ಕೂ ಹತ್ತಿರದ ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಇಲ್ಲಿಗೆ ಬಂದು, ಗರ್ಭಿಣಿಯರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಸಿಸಿದರು. ರೋಗಾಣುವನ್ನು ಹುಡುಕುವುದರ ಜೊತೆಗೆ ಅವರು ಬೇರೆ ಬೇರೆ ವರ್ಗಗಳ ಸ್ತ್ರೀಯರು ಏನನ್ನು ಉಣ್ಣುತ್ತಾರೆಂಬುದನ್ನೂ ವಿಚಾರಿಸಿದರು. ಯಾರ ಊಟ ಅತ್ಯಂತ ಬಡವಾಗಿತ್ತೋ ಅವರಲ್ಲೇ ಕಾಯಿಲೆ ಹೆಚ್ಚಾಗಿತ್ತು. ಯೀಸ್ಟಿನ ಸಾರವನ್ನು ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು; 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿ ಅಡಗಿದ್ದ ವಸ್ತುವಿಗೆ 1941ರಲ್ಲಿ, ಅದನ್ನು ಪಾಲಕ ಸೊಪ್ಪಿನಿಂದ ಬೇರ್ಪಡಿಸಿದಾಗ, ಲ್ಯಾಟಿನ್ ಭಾಷೆಯ ‘ಎಲೆ’ ಎಂಬ ಶಬ್ದದಿಂದ ಫೋಲಿಕ್ ಎಂಬ ಹೆಸರಾಯಿತು.

ಎಲೆಯಲ್ಲಿರುವ ವಸ್ತು ಬಡವರಿಗೇಕೆ ದುರ್ಲಭವಾಗಬೇಕು? ಸೊಪ್ಪು ಸೇಬಿನಷ್ಟು ತುಟ್ಟಿಯಲ್ಲವಷ್ಟೆ. ಇಲ್ಲಿಯೇ ನಗರಜೀವನದ ಲೆಕ್ಕ ಬೇರೆಯಾಗುತ್ತದೆ. ಒಂದು ಕಟ್ಟು ಮೆಂತ್ಯಸೊಪ್ಪನ್ನು ಬಿಡಿಸಿ, ಮಣ್ಣು ಹೋಗುವಂತೆ ನಾಲ್ಕು ನೀರಿನಲ್ಲಿ ತೊಳೆದು, ಹೆಚ್ಚಿ ಬೇಯಿಸಲು ಬಿಡುವು ಬೇಕು, ನೀರು ಬೇಕು. ನಳದಲ್ಲಿ ನೀರು ಬರುವುದು ಗೊತ್ತಾದ ಒಂದೆರಡು ಗಂಟೆ. ಮನೆಯಾಕೆ ನಾಲ್ಕು ಮನೆಗಳ ಪಾತ್ರೆ ತಿಕ್ಕಲು ಮುಂಜಾನೆಯೇ ಹೊರಟವಳು, ಇಲ್ಲವೆ ಗಾರೆ ಕೆಲಸಕ್ಕೆ ನಿಂತವಳು. ತಂಪುಪೆಟ್ಟಿಗೆ ಇಲ್ಲದ ಖೋಲಿಯಲ್ಲಿ ಸೊಪ್ಪು ಸಂಜೆಗೆ ಬಾಡುತ್ತದೆ, ಬಟಾಟೆ ವಾರವಿಡೀ ಬಾಳುತ್ತದೆ. ಮಗನ ಕೈಗೆ ವಡಾಪಾವಿಗೆ ಕಾಸು ಕೊಟ್ಟು ಹೊರಡುವ ತಾಯಿಗೆ ಅಜ್ಞಾನವೆಂದು ದೂರುವುದು ಸುಲಭ, ನ್ಯಾಯವಲ್ಲ. ಅವಳ ಬಳಿ ಕಾಸಿಗಿಂತಲೂ ವೇಳೆಯೇ ಕಡಮೆ. ಮೈದೆಯ ಪಾವಿನಿಂದ ಹೊಟ್ಟೆ ತುಂಬುತ್ತದೆ. ಗೋಧಿಯ ಹೊಟ್ಟಿನ ಜೊತೆ ಹೋದ ‘ಬಿ’ ಗುಂಪಿನ ಜೀವಸತ್ವಗಳು ಮಾತ್ರ ಹಿಂದಿರುಗುವುದಿಲ್ಲ.

ಊರಿನಲ್ಲಿ ಇದೇ ಕುಟುಂಬಗಳು ಬಡತನದಲ್ಲಿದ್ದರೂ ಪರಂಪರೆಯಿಂದ ಬಂದ ಕೆಲವು ರಕ್ಷಣೆಗಳನ್ನು ಹೊಂದಿದ್ದವು. ಕರಾವಳಿಯ ಕುಚ್ಚಲಕ್ಕಿಯನ್ನೇ ನೋಡಬಹುದು. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ ಕುದಿಸಿದಾಗ ‘ಬಿ-1’ ಜೀವಸತ್ವ ಕಾಳಿನ ಒಳಭಾಗಕ್ಕೆ ಇಳಿಯುತ್ತದೆ. ಆಮೇಲೆ ಕುಟ್ಟಿದರೂ ಬೆಳ್ತಿಗೆಯಷ್ಟು ನಷ್ಟವಾಗುವುದಿಲ್ಲ. ಗಂಜಿಯಾಗಿ ಉಂಡರೆ ಬೇಯಿಸಿದ ನೀರಿನಲ್ಲಿ ಕರಗಿದ್ದೂ ಹೊಟ್ಟೆಗೇ ಸೇರುತ್ತದೆ. ಹಿತ್ತಿಲಿನಲ್ಲಿ ಬಸಳೆಯ ಚಪ್ಪರ, ಬೇಲಿಯಲ್ಲಿ ನುಗ್ಗೆ, ಗದ್ದೆಯ ಬದುವಿನಲ್ಲಿ ಒಂದೆಲಗ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ, ಮೊಳಕೆ ಬರಿಸಿದ ಮಡಕೆಕಾಳು. ಹಳೆಯ ಮೈಸೂರಿನಲ್ಲಿ ರಾಗಿಮುದ್ದೆಗೆ ಸೊಪ್ಪಿನ ಸಾರು. ಒಣಕಾಳಿನಲ್ಲಿ ಬಹುಮಟ್ಟಿಗೆ ಇಲ್ಲದ ‘ಸಿ’ ಜೀವಸತ್ವ ಮೊಳಕೆಯೊಡೆದಾಗ ತಾನಾಗಿ ಹುಟ್ಟಿಕೊಳ್ಳುತ್ತದೆ ಎಂಬ ರಾಸಾಯನಿಕ ತತ್ತ್ವವನ್ನು ಆ ಮನೆಗಳ ಅಜ್ಜಿಯಂದಿರು ಓದಿರಲಿಲ್ಲ, ಕಾಳನ್ನು ಮಾತ್ರ ತಪ್ಪದೆ ನೆನೆಹಾಕುತ್ತಿದ್ದರು.

ನಗರಕ್ಕೆ ಬಂದ ಮೇಲೆ ಹಿತ್ತಿಲು ಹೋಯಿತು, ಅದಕ್ಕೆ ಉಪಾಯವಿಲ್ಲ. ಗಂಜಿ, ರೊಟ್ಟಿ, ಮುದ್ದೆಗಳು ಹೋದದ್ದು ಮಾತ್ರ ಬಡತನದಿಂದಲ್ಲ, ನಾಚಿಕೆಯಿಂದ. ಶಾಲೆಯಲ್ಲಿ ಡಬ್ಬಿ ಬಿಚ್ಚಿದಾಗ ಗೆಳೆಯರು ನಕ್ಕರೆಂದು ಹುಡುಗ ರೊಟ್ಟಿಯನ್ನು ಒಲ್ಲೆನೆನ್ನುತ್ತಾನೆ. ಮನೆಯಲ್ಲಿ ನೆಂಟರಿದ್ದ ದಿನ ಗಂಜಿ ಬೇಯುವುದಿಲ್ಲ. ಹೀಗೆ ಬಿಟ್ಟುಕೊಟ್ಟ ರಾಗಿ, ಜೋಳ, ನುಗ್ಗೆಯ ಎಲೆಯ ಪುಡಿ ಈಗ ಅಂದದ ಪೊಟ್ಟಣಗಳಲ್ಲಿ ಆರೋಗ್ಯದ ಆಹಾರವೆಂದು ದುಬಾರಿ ಬೆಲೆಗೆ ಅನುಕೂಲಸ್ಥರ ಮನೆಯನ್ನು ಸೇರುತ್ತಿರುವುದು ವಿಚಿತ್ರ.

ಇನ್ನು ಆ ಅನುಕೂಲಸ್ಥರ ಮನೆಯ ಸಂಗತಿ. ಪುಣೆಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಳ್ಳಿ, ಜೋಪಡಪಟ್ಟಿ ಮತ್ತು ನಗರದ ಮಧ್ಯಮವರ್ಗ ಈ ಮೂರು ಕಡೆಯ ನಡುವಯಸ್ಸಿನ ಪುರುಷರ ರಕ್ತವನ್ನು ಪರೀಕ್ಷಿಸಿತು. ಒಟ್ಟಿನಲ್ಲಿ ಶೇಕಡಾ 67 ಮಂದಿಯಲ್ಲಿ ‘ಬಿ-12’ ಕಡಮೆಯಿತ್ತು. ಮಧ್ಯಮವರ್ಗದವರಲ್ಲಿ ಆ ಪ್ರಮಾಣ ಶೇಕಡಾ 81! ಸಸ್ಯಾಹಾರಿಗಳಿಗೆ ಈ ಕೊರತೆಯ ಸಂಭವ ನಾಲ್ಕು ಪಟ್ಟಿಗೂ ಮಿಗಿಲೆಂದು ತಿಳಿದುಬಂದಿತು. ‘ಬಿ-12’ ಸ್ವಾಭಾವಿಕವಾಗಿ ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ, ಕಾಯಿಪಲ್ಯಗಳಲ್ಲಿ ಅದಿಲ್ಲ. ಎರಡು ಬೂತಾಯಿ ಮೀನು ತಿಂದ ಮೀನುಗಾರರ ಮನೆಯ ಹುಡುಗನಿಗೆ ದಿನದ ಅಗತ್ಯಕ್ಕಿಂತ ಹೆಚ್ಚೇ ಸಿಗುತ್ತದೆ. ಅದೇ ಶುದ್ಧ ಸಸ್ಯಾಹಾರಿ ಮನೆಯ ಹುಡುಗನಿಗೆ ದಿನಕ್ಕೆ ಅರ್ಧ ಲೀಟರಿನಷ್ಟು ಹಾಲೋ ಮೊಸರೋ ಬೇಕು. ಹತ್ತು ವರ್ಷದವರೆಗೆ ಒತ್ತಾಯದಿಂದ ಹಾಲು ಕುಡಿದವನು ಹದಿಮೂರಕ್ಕೆ ಚಹಕ್ಕೆ ತಿರುಗುತ್ತಾನೆ, ಹೊರಗೆ ತಂಪು ಪಾನೀಯಕ್ಕೆ. ಯಕೃತ್ತಿನಲ್ಲಿ ಕೂಡಿಟ್ಟ ‘ಬಿ-12’ ವರ್ಷಗಟ್ಟಲೆ ಸಾಗುವುದರಿಂದ ಕೊರತೆ ಕೂಡಲೆ ಕಾಣಿಸದು. ದಣಿವು, ಮರೆವು, ಕೈಕಾಲುಗಳಲ್ಲಿ ಜೋಮು ಬಂದಾಗ ಓದಿನ ಒತ್ತಡವೆಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಬಿಸಿಲಿಗೂ ಅಂತಸ್ತಿಗೂ ಇದೇ ಬಗೆಯ ವೈರ. ‘ಡಿ’ ಜೀವಸತ್ವವನ್ನು ಚರ್ಮವೇ ಸೂರ್ಯರಶ್ಮಿಯಿಂದ ತಯಾರಿಸಿಕೊಳ್ಳುತ್ತದೆ. ಕಿಟಕಿಯ ಗಾಜು ಆ ರಶ್ಮಿಯನ್ನು ತಡೆಯುತ್ತದೆ. ಬೆಳಗ್ಗೆ ಶಾಲೆಯ ವಾಹನ, ಮಧ್ಯಾಹ್ನ ತರಗತಿ, ಸಂಜೆ ಟ್ಯೂಷನ್, ಕಪ್ಪಾಗಬಾರದೆಂಬ ಹೆದರಿಕೆ: ಇಷ್ಟಿದ್ದ ಮೇಲೆ ಹನ್ನೆರಡನೆಯ ಅಂತಸ್ತಿನ ಹುಡುಗಿಗೆ ಸೂರ್ಯನ ಭೇಟಿ ಎಲ್ಲಿಂದ? ಮೇಲೆ ಹೇಳಿದ ಸಮೀಕ್ಷೆಯಲ್ಲಿಯೂ ‘ಡಿ’ಯ ಕೊರತೆ ಹಳ್ಳಿಗಿಂತ ಪಟ್ಟಣದಲ್ಲೇ ಹೆಚ್ಚಾಗಿತ್ತು. ಹಾಗೆಂದು ಔಷಧದಂಗಡಿಯ ಟಾನಿಕ್ ಬಾಟಲಿಗೆ ಮೊರೆಹೋಗುವುದು ಮಧ್ಯಮವರ್ಗದ ಹಳೆಯ ಚಟ. ಮಿತಿಮೀರಿದ ‘ಸಿ’ ಜೀವಸತ್ವ ಮೂತ್ರದಲ್ಲಿ ಹರಿದುಹೋಗುತ್ತದೆ, ಹಣ ಅದರೊಡನೆ ಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ‘ಎ’, ‘ಡಿ’ಗಳು ದೇಹದಲ್ಲಿ ಶೇಖರವಾಗಿ ವಿಷವಾಗಲೂಬಹುದು. ವೈದ್ಯರ ಸಲಹೆ ಇಲ್ಲದೆ ಅವನ್ನು ಕೊಡಲಾಗದು.

ಒಂದೇ ಮನೆಯ ಮಕ್ಕಳಲ್ಲೂ ಭೇದವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59, ಹುಡುಗರಲ್ಲಿ ಶೇಕಡಾ 31 ಮಂದಿ ರಕ್ತಹೀನರು. ಕಬ್ಬಿಣ ಜೀವಸತ್ವವಲ್ಲ, ಲವಣ. ಆದರೆ ಅದು ಮೈಗೆ ಹತ್ತಲು ‘ಸಿ’ಯ ನೆರವು ಬೇಕು, ರಕ್ತ ತುಂಬಲು ಫೋಲಿಕ್ ಆಮ್ಲ, ‘ಬಿ-12’ಗಳೂ ಬೇಕು. ತಿಂಗಳು ತಿಂಗಳು ರಕ್ತವನ್ನು ಕಳೆದುಕೊಳ್ಳುವ ಮಗಳಿಗೆ ಹೆಚ್ಚು ಬೇಕಿರುವಾಗ, ಮೊಟ್ಟೆಯೋ ಮೀನಿನ ದೊಡ್ಡ ತುಂಡೋ ಮಗನ ತಟ್ಟೆಗೆ ಹೋಗುವುದು ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಅಮ್ಮನೊಂದಿಗೆ ಕೊನೆಯ ಪಂಕ್ತಿಗೆ ಕೂರುವ ಅವಳಿಗೆ ಪಾತ್ರೆಯ ತಳದ ತಿಳಿಸಾರು. ಉಪವಾಸ ಬೇರೆ, ತೆಳ್ಳಗಿರಬೇಕೆಂಬ ಹೊಸ ವ್ರತ ಬೇರೆ. ತಾಯಿ ಓದಿದವಳಾಗಿ, ಮನೆಯ ಖರ್ಚಿನ ಹಣ ಅವಳ ಕೈಯಲ್ಲಿದ್ದರೆ ಈ ಭೇದ ಬೇಗ ಅಳಿಯುತ್ತದೆ. ತಂದೆಯ ಸಂಬಳ ಏರಿದ ಮಾತ್ರಕ್ಕೆ ಅಳಿಯುವುದಿಲ್ಲ.

ಕಡಮೆ ವೆಚ್ಚದ ದಾರಿಗಳು ಇಲ್ಲದಿಲ್ಲ. ಒಂದು ಸೀಬೆಹಣ್ಣು ಕಿತ್ತಳೆಗಿಂತ ಹಲವು ಪಟ್ಟು ‘ಸಿ’ಯನ್ನು ಕೊಡುತ್ತದೆ. ಬೇಳೆಗೆ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಊಟದ ಜೊತೆಯ ಚಹವನ್ನು ಒಂದು ಗಂಟೆ ಮುಂದೂಡಬೇಕು, ಅದು ಕಬ್ಬಿಣವನ್ನು ತಡೆಯುತ್ತದೆ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಬೇಕು. ‘ಎ’ ಮತ್ತು ‘ಡಿ’ ಸೇರಿಸಿದ ಹಾಲು ಮತ್ತು ಅಡುಗೆ ಎಣ್ಣೆಗಳ ಪೊಟ್ಟಣದ ಮೇಲೆ ಅಧಿಕ ಚಿಹ್ನೆಯೊಡನೆ ‘ಎಫ್’ ಅಕ್ಷರವಿರುತ್ತದೆ.

ಸರಕಾರವೂ ಕೈಕಟ್ಟಿ ಕುಳಿತಿಲ್ಲ. ಅದರ ಬಲೆಯಲ್ಲಿ ತೂತುಗಳಿವೆ, ಅಷ್ಟೆ. ಕೇಂದ್ರದ ಶಾಲಾ ಬಿಸಿಯೂಟದ ಯೋಜನೆ ಎಂಟನೆಯ ತರಗತಿಗೆ, ಎಂದರೆ ಹಸಿವು ಹೆಚ್ಚುವ ಪ್ರಾಯಕ್ಕೇ, ಮುಗಿಯುತ್ತದೆ. ಕರ್ನಾಟಕ, ತಮಿಳುನಾಡುಗಳು ಅದನ್ನು ಹತ್ತರವರೆಗೆ ವಿಸ್ತರಿಸಿವೆ. ವಾರಕ್ಕೊಂದರಂತೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಗುಳಿಗೆ ಸರಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ಉಂಟು. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯ ಮೂಲಕ ಉಂಟು. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಹದಿನಾರರ ಹುಡುಗನಿಗೆ ಎರಡೂ ಇಲ್ಲ. ಒಂದು ಕಾಲಕ್ಕೆ ಮುಂಬಯಿಯ ಕನ್ನಡ ಸಂಘಗಳು ಹೋಟೆಲಿನಲ್ಲಿ ದುಡಿಯುವ ಇಂಥ ಹುಡುಗರಿಗಾಗಿಯೇ ರಾತ್ರಿಶಾಲೆಗಳನ್ನು ನಡೆಸಿದ್ದವು. ಈಗ ಸಂಘದ ಸಭಾಗೃಹಕ್ಕೆ ಭಾನುವಾರ ಕನ್ನಡ ಕಲಿಯಲೋ ಚೆಂಡಾಡಲೋ ಬರುವ ಮಕ್ಕಳಲ್ಲಿ ಅಂಥವರೂ ಇದ್ದಾರೆ, ಹನ್ನೆರಡನೆಯ ಅಂತಸ್ತಿನಿಂದ ಇಳಿದು ಬಂದವರೂ ಇದ್ದಾರೆ. ಅವರಿಗೆ ಬಿಸ್ಕತ್ತು ಚಹದ ಬದಲು ಒಂದು ಹಿಡಿ ಮೊಳಕೆಕಾಳಿನ ಕೋಸಂಬರಿ, ಅರ್ಧ ಸೀಬೆಹಣ್ಣು, ಒಂದು ಲೋಟ ಮಜ್ಜಿಗೆ ಕೊಡಲು ತಗಲುವ ವೆಚ್ಚ ಬಹಳವಾಗದು. ಕಾಳನ್ನು ಶುಕ್ರವಾರ ರಾತ್ರಿಯೇ ನೆನೆಹಾಕಬೇಕಾಗುತ್ತದೆ.