ದೀಪ ಉರಿಯಿತು, ಕಾರು ಹೊರಡಲಿಲ್ಲ

ಕಾರ್ತಿಕ ಮಾಸದ ಕೊನೆಯ ದಿನಗಳು. ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ರಾಗಿಯ ಕೊಯ್ಲು ಮೊದಲಾಗಿತ್ತು. ಬೆಳಗಿನ ಜಾವ ಹೊಲಗಳ ಮೇಲೆ ಮಂಜು ಕವಿದಿತ್ತು. ನೆರೆಮನೆಯ ಹೆಣ್ಣುಮಗಳಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ಆಂಬುಲೆನ್ಸಿಗೆ ಕಾಯುವಷ್ಟು ವ್ಯವಧಾನವಿರಲಿಲ್ಲ. ನಮ್ಮ ತಂದೆಯವರ ಹಳೆಯ ಕಾರು ಎರಡು ತಿಂಗಳಿಂದ ಕೊಟ್ಟಿಗೆಯ ಪಕ್ಕದಲ್ಲಿ ನಿಂತೇ ಇತ್ತು. ಗುಂಡಿ ಒತ್ತಿದೆ, ಮುಂದಿನ ದೀಪಗಳು ಹತ್ತಿದವು. ಆದರೆ ಸ್ಟಾರ್ಟರಿನ ಕೀಲಿಕೈ ತಿರುಗಿಸಿದೊಡನೆ ಅವು ಮಂಕಾದವು. 'ಟಕ್' ಎಂಬ ಸದ್ದನ್ನು ಬಿಟ್ಟರೆ ಎಂಜಿನು ಅಲುಗಲಿಲ್ಲ.

"ದೀಪ ಹತ್ತುತ್ತಲ್ಲ ಮೇಷ್ಟ್ರೇ, ಬ್ಯಾಟ್ರಿ ಚೆನ್ನಾಗೇ ಐತೆ. ಗಾಡಿ ಯಾಕೆ ಸ್ಟಾರ್ಟಾಗಲ್ಲ?" ಎಂದು ಆಕೆಯ ತಂದೆ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ನೋಡೋಣ.

ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಪ್ರತಿಯೊಂದರಲ್ಲಿಯೂ ಸೀಸದ ಮತ್ತು ಸೀಸದ ಡೈಆಕ್ಸೈಡಿನ ಫಲಕಗಳು ಸಾರರಿಕ್ತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ರಚಿಸಿದ ಕೋಶದ ತತ್ತ್ವವೇ ಇದು. ಪೂರ್ಣ ಚಾರ್ಜಾದಾಗ ಕೋಶಕ್ಕೆ 2.1 ವೋಲ್ಟಿನಂತೆ ಒಟ್ಟು 12.6 ವೋಲ್ಟು ದೊರೆಯುತ್ತದೆ. ಆದರೆ ಯಾವ ಬ್ಯಾಟರಿಯೇ ಆಗಲಿ, ತಾನು ಕೊಡುವ ಪ್ರವಾಹಕ್ಕೆ ತಾನೇ ಕೊಂಚ ತಡೆಯನ್ನೂ ಒಡ್ಡುತ್ತದೆ. ಇದಕ್ಕೆ ಆಂತರಿಕ ರೋಧವೆಂದು ಹೆಸರು.

ನಮ್ಮ ಮುದಿ ಬ್ಯಾಟರಿಯದು 12 ವೋಲ್ಟು, ಅದರ ಆಂತರಿಕ ರೋಧ 0.05 ಓಮ್ ಎಂದು ಭಾವಿಸೋಣ. ಎರಡು ದೀಪಗಳಿಗೆ ಬೇಕಾದುದು ಸುಮಾರು 9 ಆಂಪಿಯರು. ಓಮ್ ನಿಯಮದಂತೆ ಒಳಗೇ ನಷ್ಟವಾಗುವುದು 9 × 0.05, ಎಂದರೆ 0.45 ವೋಲ್ಟು ಮಾತ್ರ. ದೀಪಗಳು ಚೆನ್ನಾಗಿಯೇ ಉರಿಯುತ್ತವೆ. ಸ್ಟಾರ್ಟರು ಕೇಳುವುದಾದರೋ ಸುಮಾರು 150 ಆಂಪಿಯರು. ಅಷ್ಟನ್ನು ಕೊಡಹೊರಟರೆ ಒಳಗೇ 7.5 ವೋಲ್ಟು ಕಳೆದುಹೋಗಿ, ಹೊರಗೆ ಉಳಿಯುವುದು 4.5 ವೋಲ್ಟು! ಅಷ್ಟರಿಂದ ಎಂಜಿನು ತಿರುಗುವುದಿಲ್ಲ, ದೀಪಗಳೂ ಮಂಕಾಗುತ್ತವೆ. ರೋಧ 0.01 ಓಮ್ ಇರುವ ಒಳ್ಳೆಯ ಬ್ಯಾಟರಿಯಲ್ಲಿ ನಷ್ಟವಾಗುತ್ತಿದ್ದುದು 1.5 ವೋಲ್ಟು ಮಾತ್ರ.

ಇದರಲ್ಲಿ ಚಳಿಯ ಪಾಲೂ ಉಂಟು. ತಣ್ಣಗಾದ ಆಮ್ಲದಲ್ಲಿ ಅಯಾನುಗಳು ನಿಧಾನವಾಗಿ ಚಲಿಸುವುದರಿಂದ ರೋಧ ಹೆಚ್ಚುತ್ತದೆ. ಎಂಜಿನಿನ ಎಣ್ಣೆ ಮಂದವಾಗಿ, ಅದನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಕೊಡುವ ಶಕ್ತಿ ಕುಗ್ಗುವ ಹೊತ್ತಿಗೇ ಬೇಡಿಕೆ ಏರುತ್ತದೆ. ಆದರೂ ನಮ್ಮ ಸೀಮೆಯ 15 ಡಿಗ್ರಿ ಸೆಲ್ಸಿಯಸ್ಸಿನ ಚಳಿ ಗಟ್ಟಿಯಾದ ಬ್ಯಾಟರಿಯನ್ನು ಸೋಲಿಸಲಾರದು. ನಿಜವಾದ ಹಾನಿ ಆದುದು ಅದಕ್ಕೆ ಮೊದಲೇ. ಬೇಸಗೆಯ ಕಾವಿನಲ್ಲಿ ಫಲಕಗಳ ಸೀಸದ ಚೌಕಟ್ಟು ಬೇಗ ಸವೆಯುತ್ತದೆ, ಆಮ್ಲದೊಳಗಿನ ನೀರು ಕಡಮೆಯಾಗುತ್ತದೆ. ಗಾಡಿ ಸುಮ್ಮನೆ ನಿಂತಾಗ ಬ್ಯಾಟರಿ ತನ್ನಷ್ಟಕ್ಕೇ ಬರಿದಾಗುತ್ತ ಬಂದು, ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಡುಸಾಗುತ್ತವೆ. ಮತ್ತೆ ಚಾರ್ಜು ಮಾಡಿದರೂ ಅವು ಸುಲಭವಾಗಿ ಕರಗುವುದಿಲ್ಲ. ವೈಶಾಖದಲ್ಲಿ ಆದ ಹಾನಿ ಕಾರ್ತಿಕದಲ್ಲಿ ಬೆಳಕಿಗೆ ಬರುತ್ತದೆ.

ಆ ದಿನ ನಮಗೆ ಒದಗಿದವರು ಕೊಯ್ಲಿಗೆ ಹೊರಟಿದ್ದ ಜನ. ಎರಡನೆಯ ಗೇರಿಗೆ ಹಾಕಿ ಕ್ಲಚ್ಚನ್ನು ಒತ್ತಿ ಹಿಡಿದೆ; ಹತ್ತು ಮಂದಿ ಕಾರನ್ನು ನೂಕಿದರು. ವೇಗ ಬಂದೊಡನೆ ಕ್ಲಚ್ಚನ್ನು ಬಿಟ್ಟೆ. ಚಕ್ರಗಳು ಎಂಜಿನನ್ನು ತಿರುಗಿಸಿದವು. ಸ್ಟಾರ್ಟರಿನ ಕೆಲಸವನ್ನು ಅವರ ತೋಳುಗಳು ಮಾಡಿದವು. ಕಿಡಿ ಹಾರಿಸಲು ಬೇಕಾದ ಅಲ್ಪ ಪ್ರವಾಹವನ್ನು ಮಾತ್ರ ಬ್ಯಾಟರಿ ಕೊಟ್ಟಿತು. ಈ ಉಪಾಯ ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ ಸಲ್ಲದು.

ಆದುದರಿಂದ ದೀಪವನ್ನು ನೋಡಿ ಬ್ಯಾಟರಿಯನ್ನು ನಂಬಬಾರದು. ಭಾರಿ ಪ್ರವಾಹವನ್ನು ಎಳೆಯುವಾಗ ಅದರ ವೋಲ್ಟು ಎಷ್ಟು ಇಳಿಯುತ್ತದೆ ಎಂಬುದನ್ನು ಪರೀಕ್ಷಿಸಿಸಬೇಕು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಗೆ ಆಗಾಗ ಬಟ್ಟಿಯಿಳಿಸಿದ ನೀರನ್ನು ತುಂಬಬೇಕು. ಅದರ ಬಳಿಗೆ ಬೀಡಿ, ಬೆಂಕಿಕಡ್ಡಿ ಒಯ್ಯಲೇಬಾರದು. ಚಾರ್ಜಾಗುವಾಗ ಹೊಮ್ಮುವ ಜಲಜನಕ ಸಿಡಿಯಬಲ್ಲುದು.

ಮಧ್ಯಾಹ್ನದ ವೇಳೆಗೆ ಆಸ್ಪತ್ರೆಯಿಂದ ಸುದ್ದಿ ಬಂದಿತು: ಹೆಣ್ಣು ಮಗು, ತಾಯಿಯೂ ಕ್ಷೇಮ. ಮರುದಿನವೇ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದೆ.