ವಾಕರ್, ಎಡ, ಬಲ

ಡಿಗ್ರಿ ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಾ ಮನೆಯಲ್ಲೇ ಇದ್ದೆ. ಹಿತ್ತಲಿನ ಪಾಚಿಯ ಮೇಲೆ ಕಾಲಿಟ್ಟು ಜಾರಿದ ಅಜ್ಜಿಯ ಸೊಂಟದ ಮೂಳೆ ಮುರಿದು, ಎಡಗಡೆ ಆಪರೇಷನ್ ಆಯಿತು. ಅಪ್ಪ, ಅಮ್ಮ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ನಾವಿಬ್ಬರೇ. ಕೆಲಸ ಸಿಗದ ನಾನು, ನಡೆಯಲಾಗದ ಅಜ್ಜಿ.

ವಾಕರ್ ಹಿಡಿದು ನಡೆಸಿ ಎಂದರು ಡಾಕ್ಟರ್. ಅಂಗಡಿಗೆ ಹೋಗಿ ನಾನೇ ತಂದೆ. ಮುಂದೆ ಎರಡು ಚಕ್ರ, ಹಿಂದಿನ ಎರಡು ಕಾಲಿಗೆ ರಬ್ಬರ್ ಬುಷ್. ‘ಹಿಡ್ಕೊಂಡು ನಡಿ ಅಜ್ಜಿ’ ಎಂದು ಮುಂದೆ ನಿಲ್ಲಿಸಿ, ಮೊಬೈಲ್‌ನಲ್ಲಿ ಪ್ರಚಲಿತ ವಿದ್ಯಮಾನ ನೋಡುತ್ತಾ ಕೂತೆ. ನಾಲ್ಕು ಕಾಲಿರುವ ವಸ್ತು, ಬೀಳಿಸುತ್ತದೆಯೇ ಎಂಬ ಧೈರ್ಯ.

ಮೂರನೇ ದಿನ ಬೀಳಿಸಿತು. ಮಂಚದಿಂದ ಏಳಲು ಅಜ್ಜಿ ಎರಡೂ ಕೈಯಿಂದ ವಾಕರನ್ನು ತನ್ನ ಕಡೆ ಎಳೆದಳು. ಹಗುರವಾದ ಅದು ಅವಳತ್ತಲೇ ವಾಲಿತು. ಬಿದ್ದದ್ದು ಹಾಸಿಗೆಯ ಮೇಲಾದ್ದರಿಂದ ಪೆಟ್ಟಾಗಲಿಲ್ಲ. ಆದರೆ ಧೈರ್ಯ ಉಡುಗಿಹೋಯಿತು. ‘ಆ ಗಾಡಿ ಸಹವಾಸವೇ ಬೇಡ ಕಣೋ ಮಗಾ’ ಎಂದು ಮಲಗಿದವಳು ಎರಡು ದಿನ ನಡೆಯಲಿಲ್ಲ. ಬಾತ್‌ರೂಮಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ ಎಂದು ಗೊತ್ತಾದಾಗ ನನಗೆ ಭಯವಾಯಿತು.

ಮನೆಗೆ ಬಂದ ಫಿಸಿಯೊಥೆರಪಿಸ್ಟ್ ಅಜ್ಜಿಯನ್ನು ಬೈಯಲಿಲ್ಲ. ‘ಎತ್ತರ ಸರಿಮಾಡಿದ್ದು ಯಾರು?’ ಎಂದು ನನ್ನನ್ನು ಕೇಳಿದರು. ಸರಿಮಾಡಬೇಕೆಂಬುದೇ ನನಗೆ ತಿಳಿದಿರಲಿಲ್ಲ! ಅಜ್ಜಿಯನ್ನು ನೇರ ನಿಲ್ಲಿಸಿ ಕೈ ಇಳಿಬಿಡಿಸಿದರು. ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು, ಹಿಡಿದಾಗ ಮೊಣಕೈ ತುಸು ಬಾಗಬೇಕು. ಕಾಲುಗಳ ಗುಂಡಿ ಒತ್ತಿ ನಾಲ್ಕನ್ನೂ ಒಂದೇ ತೂತಿಗೆ ಕೂರಿಸಿದರು. ಅಷ್ಟು ದಿನ ಅಜ್ಜಿ ಗೂನು ಬೆನ್ನಿನಲ್ಲಿ ತಳ್ಳುತ್ತಿದ್ದುದು ವಯಸ್ಸಿನಿಂದಲ್ಲ, ನನ್ನ ಅಸಡ್ಡೆಯಿಂದ.

ಏಳುವಾಗ ವಾಕರ್ ಎಳೆಯಬಾರದು. ಮಂಚವನ್ನೋ ಕುರ್ಚಿಯ ಕೈಯನ್ನೋ ಒತ್ತಿ ಎದ್ದು, ಆಮೇಲೆ ಹಿಡಿಕೆ ಹಿಡಿಯಬೇಕು. ಕೂರುವಾಗ ಕುರ್ಚಿ ಕಾಲಿಗೆ ತಾಗುವವರೆಗೆ ಹಿಂದೆ ಸರಿದು, ಕೈಯಿಂದ ಕುರ್ಚಿ ಹಿಡಿದು ಕೂರಬೇಕು. ನಡೆಯುವಾಗ ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಗಟ್ಟಿ ಕಾಲು. ವಾಕರನ್ನು ದೂರ ತಳ್ಳಿ ಹಿಂದೆ ಓಡಬಾರದು, ಅದರ ಚೌಕಟ್ಟಿನೊಳಗೇ ಇರಬೇಕು. ತಿರುಗುವಾಗ ಸೊಂಟ ತಿರುಚದೆ ಪುಟ್ಟ ಪುಟ್ಟ ಹೆಜ್ಜೆ. ಮೆಟ್ಟಿಲಿಗೆ ವಾಕರ್ ಬೇಡವೇ ಬೇಡ. ನಾಲ್ಕೂ ಚಕ್ರವಿರುವ, ಸೀಟಿನ ವಾಕರ್ ಆಗಿದ್ದರೆ ಬ್ರೇಕ್ ಲಾಕ್ ಮಾಡದೆ ಕೂರಲೇಬಾರದು.

ಉಳಿದ ಕೆಲಸ ನನ್ನದಾಯಿತು. ಕಾಲೊರೆಸುವ ಮ್ಯಾಟ್ ತೆಗೆದೆ. ಹಾಲ್‌ನಲ್ಲಿ ಹಾವಿನಂತೆ ಬಿದ್ದಿರುತ್ತಿದ್ದ ನನ್ನ ಲ್ಯಾಪ್‌ಟಾಪ್ ವೈರನ್ನು ಗೋಡೆ ಪಕ್ಕಕ್ಕೆ ಸರಿಸಿದೆ. ಹವಾಯಿ ಚಪ್ಪಲಿ ಬದಲು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಬಂತು. ಸೀರೆಯ ನೆರಿಗೆ ಪಾದಕ್ಕಿಂತ ಮೇಲಾಯಿತು. ನೀರಿನ ಬಾಟಲಿ, ಕನ್ನಡಕ ಇಡಲು ಅಮ್ಮ ವಾಕರ್ ಮುಂದೆ ಸಣ್ಣ ಚೀಲ ಹೊಲಿದುಕೊಟ್ಟಳು. ವಾರಕ್ಕೊಮ್ಮೆ ರಬ್ಬರ್ ಬುಷ್ ಸವೆದಿದೆಯೇ ನೋಡುತ್ತೇನೆ. ಬಾಗಿಲ ಹೊಸ್ತಿಲೇ ಕಷ್ಟದ ಜಾಗ. ಅಲ್ಲಿ ವಾಕರ್‌ನ ನಾಲ್ಕೂ ಕಾಲು ದಾಟಿ ನೆಲಕ್ಕೆ ಊರಿದ ಮೇಲೆಯೇ ಹೆಜ್ಜೆ, ಆಗ ನಾನು ಅವಳ ಎಡಪಕ್ಕದಲ್ಲಿ ತುಸು ಹಿಂದೆ ನಿಂತಿರುತ್ತೇನೆ.

ಮನೆಯಲ್ಲಿ ಕುಳಿತು ಓದುವ ನನ್ನಂಥವರಿಗೆ ‘ಏನೂ ಮಾಡ್ತಿಲ್ವಾ?’ ಎಂಬ ಪ್ರಶ್ನೆ ಹೊಸದಲ್ಲ. ನಿಮ್ಮ ಮನೆಯಲ್ಲೂ ಮೂಲೆಯಲ್ಲೊಂದು ವಾಕರ್ ನಿಂತಿದ್ದರೆ, ಇವತ್ತು ಹತ್ತು ನಿಮಿಷ ಕೊಟ್ಟು ಅದರ ಎತ್ತರ ನೋಡಿ. ಅಜ್ಜಿ, ತಾತ ಅದನ್ನು ಹೇಗೆ ಹಿಡಿದು ಏಳುತ್ತಾರೆಂದು ಗಮನಿಸಿ.

ಈಗ ಸಂಜೆ ಅಜ್ಜಿ ಜಗಲಿಯವರೆಗೆ ನಡೆಯುತ್ತಾಳೆ. ‘ವಾಕರ್, ಎಡ, ಬಲ’ ಎಂದು ತಾನೇ ಹೇಳಿಕೊಳ್ಳುವುದು ಓದುತ್ತಾ ಕೂತ ನನಗೆ ಕೇಳಿಸುತ್ತಿರುತ್ತದೆ. ಆ ದನಿ ನಡುವೆ ನಿಂತರೆ ಮಾತ್ರ ಪುಸ್ತಕ ಮಡಚಿ ಏಳುತ್ತೇನೆ.