ಕಳೆಯ ಎತ್ತರವೂ ಕಳೆಯ ಹಾನಿಯೂ: ಅಮೆರಿಕದ ಒಂದು ನಗರನಿಯಮದ ಇತಿಹಾಸ

ಒಡೆಯನು ತನ್ನ ನಿವೇಶನದಲ್ಲಿ ಹುಲ್ಲನ್ನು ಬೆಳೆಯಗೊಟ್ಟರೆ, ಅದನ್ನು ಕತ್ತರಿಸೆಂದು ನಗರಾಡಳಿತವು ಆಜ್ಞಾಪಿಸಬಹುದೆ? ಕ್ಷುಲ್ಲಕವೆಂದು ತೋರುವ ಈ ಪ್ರಶ್ನೆಯಲ್ಲಿ ಸ್ವತ್ತಿನ ಹಕ್ಕು, ನೆರೆಹೊರೆಯ ಆರೋಗ್ಯ ಇವೆರಡೂ ಅಡಕವಾಗಿವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕೆಲವು ಮೊಕದ್ದಮೆಗಳ ಮೂಲಕ ಇದನ್ನು ಪರಿಶೀಲಿಸೋಣ.

ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರವು ಒಂದು ಅಡಿಗಿಂತ ಎತ್ತರವಾಗಿ ಕಳೆ ಬೆಳೆಯಗೊಡುವುದನ್ನು ನಿಷೇಧಿಸಿತ್ತು. ಗಾಲ್ಟ್ ಎಂಬುವನ ಮೇಲೆ ನಡೆದ ಮೊಕದ್ದಮೆಯಲ್ಲಿ, ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1903ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ದಟ್ಟವಾಗಿ ಬೆಳೆದ ಸಸ್ಯರಾಶಿಯು ದುರ್ಗಂಧವನ್ನು ಸೂಸುತ್ತದೆ, ಕೊಳೆಯನ್ನು ಮರೆಮಾಡುತ್ತದೆ ಎಂಬ ಭಾವನೆ ಆ ತೀರ್ಪಿನಲ್ಲಿ ಕಂಡುಬರುತ್ತದೆ. ದುರ್ಗಂಧದಿಂದಲೇ ರೋಗ ಹರಡುವುದೆಂಬ ಹಳೆಯ ನಂಬಿಕೆ ಜನರ ಮನಸ್ಸಿನಿಂದ ಆಗಿನ್ನೂ ಪೂರ್ಣವಾಗಿ ಅಳಿದಿರಲಿಲ್ಲವೆಂಬುದನ್ನು ನಾವು ನೆನೆಯಬೇಕು.

ಇಲ್ಲಿ ಗಮನಿಸತಕ್ಕುದು ಅಡಿಯ ಅಳತೆ. ಗಿಡದ ಜಾತಿಯನ್ನು ಗುರುತಿಸಲು ಸಸ್ಯಶಾಸ್ತ್ರದ ಪರಿಚಯ ಬೇಕು. ಎತ್ತರವನ್ನು ತಿಳಿಯಲು ಅಳತೆಗೋಲು ಸಾಕು. ತನಿಖೆಗೆ ಬಂದ ನೌಕರನಿಗೆ ಎರಡನೆಯದೇ ಸುಲಭ. ಹೀಗಾಗಿ ಗಿಡವು ಹಾನಿಕರವೆ ಎಂದು ಕೇಳಬೇಕಾದೆಡೆಯಲ್ಲಿ ಅದು ಎಷ್ಟು ಎತ್ತರ ಎಂದು ಕೇಳುವುದು ರೂಢಿಯಾಯಿತು.

ವಿಸ್ಕಾನ್ಸಿನ್ ರಾಜ್ಯದ ನ್ಯೂ ಬರ್ಲಿನ್ ನಗರದಲ್ಲಿ ವನ್ಯಜೀವಿ ವಿಜ್ಞಾನಿಯೊಬ್ಬರು ತಮ್ಮ ಮನೆಯ ಅಂಗಳವನ್ನು ಸಹಜವಾದ ಹುಲ್ಲುಗಾವಲಾಗಿ ಬೆಳೆಯಗೊಟ್ಟರು. ಬೆಂಕಿ, ಇಲಿಗಳು, ಪರಾಗ ಇವುಗಳ ಭಯವನ್ನು ನಗರವು ಮುಂದಿಟ್ಟಿತು. ತಜ್ಞರ ಸಾಕ್ಷ್ಯದೆದುರು ಆ ವಾದ ನಿಲ್ಲಲಿಲ್ಲ. 1976ರಲ್ಲಿ ನ್ಯಾಯಾಲಯವು ಆ ನಿಯಮವನ್ನು ಅಸಿಂಧುವೆಂದು ಸಾರಿತು. ಆದರೆ ವಿವಾದವು ಅಲ್ಲಿಗೇ ಮುಗಿಯಲಿಲ್ಲ. ಷಿಕಾಗೊ ನಗರದ 10 ಅಂಗುಲದ ಮಿತಿಯನ್ನು ಪ್ರಶ್ನಿಸಿದವರು 1993ರಲ್ಲಿ ಮೇಲ್ಮನವಿಯಲ್ಲಿಯೂ ಸೋತರು.

ಮಿನ್ನೆಸೋಟಾ ರಾಜ್ಯದ 2023ರ ಶಾಸನವು ಮಧ್ಯಮಾರ್ಗವನ್ನು ಹಿಡಿಯಿತು. ಉದ್ದೇಶಪೂರ್ವಕವಾಗಿ ನೆಟ್ಟು ಆರೈಕೆ ಮಾಡಿದ ಸಸ್ಯಗಳು 8 ಅಂಗುಲವನ್ನು ಮೀರಿದರೂ ನಗರಗಳು ಅವಕ್ಕೆ ಎಡೆಗೊಡಬೇಕು. ಹಾನಿಕರವೆಂದು ಹೆಸರಿಸಲಾದ ಕಳೆಗಳಿಗೂ ಪಾಳುಬಿಟ್ಟ ಹುಲ್ಲಿಗೂ ಈ ರಕ್ಷಣೆಯಿಲ್ಲ.

ಈ ಭೇದದ ಮಹತ್ತ್ವವನ್ನು ಅರಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಅಮೆರಿಕ ಖಂಡಗಳಿಂದಲೇ ಬಂದ ಪಾರ್ಥೇನಿಯಂ ನಮ್ಮ ಖಾಲಿ ನಿವೇಶನಗಳನ್ನೆಲ್ಲ ಆವರಿಸಿದೆ. 1975ರಲ್ಲಿ ಕರ್ನಾಟಕವು ಅದನ್ನು ಹೆಸರಿಸಿಯೇ ಹಾನಿಕರವಾದ ಕಳೆಯೆಂದು ಘೋಷಿಸಿತು. ಮುಟ್ಟಿದವರಲ್ಲಿ ಹಲವರಿಗೆ ಚರ್ಮರೋಗವನ್ನು ತರುವ ಈ ಗಿಡವು ಒಂದು ಅಡಿಗಿಂತ ಗಿಡ್ಡವಾಗಿರುವಾಗಲೇ ಹೂಬಿಡಬಲ್ಲುದು. ಸೇಂಟ್ ಲೂಯಿಸ್ ನಗರದ ಅಳತೆಗೋಲು ಅದನ್ನು ನಿರ್ದೋಷಿಯೆಂದು ಬಿಟ್ಟುಬಿಡುತ್ತಿತ್ತು. ನಿರಪಾಯವಾದ ಹುಲ್ಲನ್ನು ಮಾತ್ರ ದಂಡಿಸುತ್ತಿತ್ತು. ನೆರೆಯವನ ಆರೋಗ್ಯಕ್ಕಾಗಿ ಒಡೆಯನ ಹಕ್ಕನ್ನು ಮಿತಿಗೊಳಿಸುವುದು ನ್ಯಾಯವೇ. ಆದರೆ ಆ ಮಿತಿಯು ಹಾನಿಯನ್ನು ಆಧರಿಸಿರಬೇಕೆಂಬುದೇ ಈ ಇತಿಹಾಸದಿಂದ ನಾವು ತಿಳಿಯಬೇಕಾದ ಅಂಶ.